ಅಂಕ ಏಲ್‌ಗೋ, ಪೀಪಾಯಿಗೋ?

ಓಕ್ ಮರದ ಪೀಪಾಯಿಯಲ್ಲಿ ಮಾಗಿಸಿದ ಸ್ಟ್ರಾಂಗ್ ಏಲ್ (ಆಲ್ಕೋಹಾಲ್ ಹೆಚ್ಚಿರುವ ಒಂದು ಬಗೆಯ ಬಿಯರ್) ಬಗ್ಗೆ ನನಗೆ ಬರುವ ಪ್ರಶ್ನೆಗಳು ಸುತ್ತಿ ಸುತ್ತಿ ಅವೇ ಐದಾರು. ಒಂದೊಂದಾಗಿ ಉತ್ತರಿಸಿ ಸಾಕಾಗಿದೆ. ಅದಕ್ಕೇ ಈ ಸಲ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಏಲ್ ಹೇಗೆ ಮಾಡುತ್ತಾರೆ, ಯೀಸ್ಟ್ ಏನು ಮಾಡುತ್ತದೆ ಎಂಬುದು ನಿಮಗೆ ಗೊತ್ತಿದೆ ಎಂದುಕೊಂಡೇ ಬರೆಯುತ್ತಿದ್ದೇನೆ.

ಗ್ಲಾಸ್ ತಿರುಗಿಸಿದರೆ ಒಳಬದಿಯಲ್ಲಿ ಗೆರೆಗೆರೆಯಾಗಿ ಇಳಿಯುತ್ತದೆ. ಗೆರೆ ಜಾಸ್ತಿ ಇದ್ದಷ್ಟೂ ಏಲ್ ಒಳ್ಳೆಯದಂತೆ, ನಿಜವೇ?

ಸುಳ್ಳು. ಒಳಗೆ ಆಲ್ಕೋಹಾಲ್ ಜಾಸ್ತಿ ಇದೆ ಎಂದಷ್ಟೇ ಆ ಗೆರೆ ಹೇಳುತ್ತದೆ. ಅದನ್ನು ಲೇಬಲ್ ಆಗಲೇ ಹೇಳಿದೆ.

ಬರ್ಬನ್ (ಅಮೆರಿಕದ ಒಂದು ವಿಸ್ಕಿ) ಪೀಪಾಯಿಯಲ್ಲಿ ಮಾಗಿಸಿದ, ಶೇ 12 ಆಲ್ಕೋಹಾಲ್ ಇರುವ ಏಲ್ ಕುಡಿದೆವು. ವೆನಿಲ್ಲಾ, ತೆಂಗಿನಕಾಯಿ, ಬರ್ಬನ್ ಘಮ ಮೂಗಿಗೆ ಹೊಡೆಯಿತು. ನಾನು 10ಕ್ಕೆ 10 ಕೊಟ್ಟೆ, ಸ್ನೇಹಿತ 6 ಕೊಟ್ಟ. ಯಾರು ಸರಿ?

ನಿಮ್ಮ ಸ್ನೇಹಿತರು ಏನು ಯೋಚಿಸಿದರೋ ಗೊತ್ತಿಲ್ಲ. ಆದರೆ ನೀವು ಕೊಟ್ಟ 10 ಅಂಕ ಏಲ್‌ಗೆ ಹೋಗಿಲ್ಲ. ವೆನಿಲ್ಲಾ, ತೆಂಗಿನಕಾಯಿ, ಬರ್ಬನ್ ಮೂರೂ ಪೀಪಾಯಿಯ ಸ್ವತ್ತು. ಏಲ್ ಹೇಗಿತ್ತು ಎಂದು ನಿಮ್ಮ ಪತ್ರದಲ್ಲಿ ಒಂದೇ ಒಂದು ಮಾತಿಲ್ಲ.

ತೆಂಗಿನಕಾಯಿಯ ಘಮ ಬರುವುದು ಓಕ್ ಮರದಲ್ಲಿರುವ ಲ್ಯಾಕ್ಟೋನ್ ಎಂಬ ರಾಸಾಯನಿಕಗಳಿಂದ. ಅಮೆರಿಕದ ಬಿಳಿ ಓಕ್‌ನಲ್ಲಿ ಇವು ಯುರೋಪಿನ ಓಕ್‌ಗಿಂತ ಜಾಸ್ತಿ. ಮರವನ್ನು ಬೆಂಕಿಗೆ ಹಿಡಿದಾಗ ವೆನಿಲ್ಲಾ ಘಮ ಕೊಡುವ ವೆನಿಲ್ಲಿನ್ ಹೆಚ್ಚುತ್ತದೆ. ಲವಂಗದಂಥ ವಾಸನೆಗೆ ಯುಜೆನಾಲ್ ಕಾರಣ, ಹೊಗೆ ವಾಸನೆಗೆ ಗ್ವಾಯಕಾಲ್. ಇನ್ನು ಬರ್ಬನ್. ಅಮೆರಿಕದ ಕಾನೂನಿನ ಪ್ರಕಾರ ಬರ್ಬನ್ ಅನ್ನು ಒಳಗೆ ಸುಟ್ಟು ಕರಿ ಮಾಡಿದ ಹೊಸ ಓಕ್‌ನಲ್ಲೇ ಇಡಬೇಕು. ಒಮ್ಮೆ ಬಳಸಿದ ಪೀಪಾಯಿ ಮತ್ತೆ ಬರ್ಬನ್‌ಗೆ ಬರುವುದಿಲ್ಲ. ಸುಮಾರು 200 ಲೀಟರಿನ ಆ ಪೀಪಾಯಿಗಳನ್ನು ಬಿಯರ್ ಮಾಡುವವರು ಕೊಳ್ಳುತ್ತಾರೆ. ಹಲಗೆಯೊಳಗೆ ಇಳಿದಿದ್ದ ಮದ್ಯ ಏಲ್‌ಗೆ ಬಿಟ್ಟುಕೊಳ್ಳುತ್ತದೆ. ಅಂದರೆ ಆಗಷ್ಟೇ ಖಾಲಿಯಾದ ಪೀಪಾಯಿಗೆ ಎಂಥ ಸಾಧಾರಣ ಏಲ್ ಸುರಿದರೂ ನೀವು ಹೇಳಿದ ಮೂರು ಘಮ ಸುಮ್ನೆ ಬಂದೇ ಬರುತ್ತವೆ. ಅದರಲ್ಲಿ ಮಾಡಿದವರ ಕೈಚಳಕ ಏನು ಬಂತು?

ಹಾಗಾದರೆ ಮರದ ಘಮದ ಕೆಳಗೆ ಅಡಗಿರುವ ಏಲ್ ಅನ್ನು ಹುಡುಕುವುದು ಹೇಗೆ? ಮೊದಲು ಬಾಟಲಿಯನ್ನು ಫ್ರಿಜ್‌ನಿಂದ ಹೊರಗೆ ತೆಗೆದಿಡಿ. ತಣ್ಣಗಿದ್ದಾಗ ಒಗರು, ಕಹಿ ಎದ್ದು ಕಾಣುತ್ತವೆ. ಸಿಹಿ ಮತ್ತು ಪರಿಮಳ ಅಡಗಿ ಕೂತಿರುತ್ತವೆ. ನಾನು 8 ಡಿಗ್ರಿಯಲ್ಲಿ ಒಂದು ಗುಟುಕು ಕುಡಿದು, ಗ್ಲಾಸನ್ನು ಪಕ್ಕಕ್ಕಿಟ್ಟು, 14 ಡಿಗ್ರಿ ಹತ್ತಿರ ಬಂದ ಮೇಲೆ ಮತ್ತೆ ಶುರುಮಾಡುತ್ತೇನೆ. ಬಾಯಿ ಕಿರಿದಾದ, ಹೊಟ್ಟೆ ಅಗಲವಾದ ಗ್ಲಾಸಿಗೆ 60 ಎಂಎಲ್ ಸಾಕು. ಅಂಚಿನವರೆಗೆ ತುಂಬಿಸಿದರೆ ಘಮ ನಿಲ್ಲಲು ಜಾಗ ಎಲ್ಲಿ?

ಮೂಗಿನ ಹತ್ತಿರ ತಂದು ಚಿಕ್ಕ ಚಿಕ್ಕ ಉಸಿರು ತೆಗೆದುಕೊಳ್ಳಿ. ಒಂದೇ ವಾಸನೆಗೆ ಮೂಗು ಬೇಗ ಒಗ್ಗಿಕೊಳ್ಳುತ್ತದೆ. ಈ ಏಲ್‌ಗಳ ವಿಷಯದಲ್ಲಿ ಇದರಿಂದ ಲಾಭವೇ ಇದೆ: ವೆನಿಲ್ಲಾಕ್ಕೆ ಮೂಗು ಒಗ್ಗಿದ ಮೇಲೆ ಅದರ ಹಿಂದೆ ಇರುವುದು ಮುಂದೆ ಬರುತ್ತದೆ. ಆಮೇಲೆ ಒಂದು ಗುಟುಕು ನುಂಗಿ, ಬಾಯಿ ಮುಚ್ಚಿಕೊಂಡು ಮೂಗಿನಿಂದ ಉಸಿರು ಬಿಡಿ. ನಾವು ರುಚಿ ಎನ್ನುವುದರಲ್ಲಿ ದೊಡ್ಡ ಪಾಲು ಹೀಗೆ ಗಂಟಲ ಹಿಂದಿನಿಂದ ಮೂಗಿಗೆ ಏರುವ ವಾಸನೆಯೇ. ನಾಲಿಗೆಯ ತುದಿಗೆ ಸಿಹಿ, ಹಿಂಬದಿಗೆ ಕಹಿ ಎಂಬ ನಕ್ಷೆ ಹಿಡಿದುಕೊಂಡು ಪಾಠ ಮಾಡುವ 'ಟೇಸ್ಟಿಂಗ್ ಗುರು'ಗಳು ಇನ್ನೂ ಇದ್ದಾರೆ. 1901ರ ಒಂದು ಜರ್ಮನ್ ಪ್ರಬಂಧವನ್ನು ತಪ್ಪಾಗಿ ಓದಿಕೊಂಡದ್ದರಿಂದ ಹುಟ್ಟಿದ ಕಥೆ ಅದು. ಎಲ್ಲ ರುಚಿಯೂ ನಾಲಿಗೆಯ ಎಲ್ಲ ಕಡೆ ತಿಳಿಯುತ್ತದೆ. ಅಂಥವರಿಗೆ ಫೀಸು ಕೊಡಬೇಡಿ.

ನುಂಗಿದ ಮೇಲೆ ನಾನು ಮೊದಲು ಹುಡುಕುವುದು ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ರುಚಿ. ಕ್ಯಾರಮೆಲ್, ಸುಟ್ಟ ಬ್ರೆಡ್ಡಿನ ಅಂಚು, ಒಣದ್ರಾಕ್ಷಿ, ಏನಾದರೊಂದು ಸಿಗಬೇಕು. ಸಿಗಲಿಲ್ಲ ಎಂದರೆ ಅಲ್ಲಿರುವುದು ಮರದ ನೀರು. ಆಮೇಲೆ ಒಗರು. ಜಾಸ್ತಿ ಹೊತ್ತು ಕುದಿಸಿದ ಚಹಾ ಕುಡಿದಂತೆ ಒಸಡು ಒಣಗಿದರೆ, ಏಲ್ ಮರದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಕಾಲ ಕೂತಿದೆ. ಸ್ವಲ್ಪ ಒಗರು ಮಾತ್ರ ಬೇಕೇ ಬೇಕು, ಇಲ್ಲದಿದ್ದರೆ ಇಷ್ಟು ಸಿಹಿಯಾದ ಏಲ್ ನಾಲಿಗೆಗೆ ಅಂಟಿಕೊಳ್ಳುತ್ತದೆ. ಕೊನೆಗೆ ಆಲ್ಕೋಹಾಲ್. ಎದೆ ಬೆಚ್ಚಗಾದರೆ ಸರಿ. ಗಂಟಲು ಉರಿದರೆ ತಪ್ಪು. "ಸ್ಟ್ರಾಂಗ್ ಅಲ್ವಾ, ಉರಿಯಲೇಬೇಕು" ಎನ್ನುವವರ ಜೊತೆ ನಾನು ವಾದಕ್ಕೆ ಹೋಗುವುದಿಲ್ಲ. ನೇಲ್ ಪಾಲಿಶ್ ಅಳಿಸುವ ದ್ರಾವಣದ ವಾಸನೆ ಬಂದರೆ ಅದು ಈಥೈಲ್ ಅಸಿಟೇಟ್ ಮಿತಿ ಮೀರಿದ್ದಕ್ಕೆ ಗುರುತು. ಆ ಗ್ಲಾಸನ್ನು ಅಲ್ಲಿಗೇ ಬಿಟ್ಟುಬಿಡಿ.

ನಾನೂ ಮೋಸಹೋಗಿದ್ದೇನೆ. ಒಂದು ಸ್ಪರ್ಧೆಯಲ್ಲಿ ಮೊದಲ ಗುಟುಕಿಗೇ ಮರುಳಾಗಿ ದೊಡ್ಡ ಅಂಕ ಬರೆದೆ. ಅರ್ಧ ಗಂಟೆ ಬಿಟ್ಟು ಅದೇ ಗ್ಲಾಸ್ ಮೂಸಿದಾಗ ವೆನಿಲ್ಲಾದ ಅಡಿಯಿಂದ ಒದ್ದೆ ರಟ್ಟಿನ ವಾಸನೆ ಎದ್ದು ಬಂತು. ಗಾಳಿ ತಾಗಿ ಕೆಟ್ಟ ಬಿಯರ್ ಅದು. ಅಂಕದ ಹಾಳೆ ಆಗಲೇ ಹೋಗಿಯಾಗಿತ್ತು. ಅಂದಿನಿಂದ ಗ್ಲಾಸಿನ ತಳದಲ್ಲಿ ಎರಡು ಚಮಚದಷ್ಟು ಉಳಿಸಿಕೊಂಡು, ಗ್ಯಾಸ್ ಪೂರ್ತಿ ಹೋದ ಮೇಲೆ ಕುಡಿದು ನೋಡಿ, ಆಮೇಲಷ್ಟೇ ಪೆನ್ನು ಹಿಡಿಯುತ್ತೇನೆ. ಗ್ಯಾಸ್ ಇಲ್ಲದಾಗ ಸಿಹಿ, ಒಗರು, ತಪ್ಪು ಎಲ್ಲ ಬೆತ್ತಲಾಗುತ್ತವೆ. ಜೊತೆಗಿರುವ ತೀರ್ಪುಗಾರರಿಗೆ ನನ್ನ ನಿಧಾನ ಕಂಡರೆ ಆಗದು. ಇರಲಿ.

ಅಂಕದ ಲೆಕ್ಕವೂ ಹೇಳಿಬಿಡುತ್ತೇನೆ. ಅಮೆರಿಕದ ಬಿಯರ್ ತೀರ್ಪುಗಾರರ ಸಂಸ್ಥೆ ಬಿಜೆಸಿಪಿಯ ಹಾಳೆಯಲ್ಲಿ ಒಟ್ಟು 50 ಅಂಕ. ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಅದರ ಮೈ ಹೇಗಿದೆ ಎಂಬುದಕ್ಕೆ 5, ಒಟ್ಟಾರೆ ಅನುಭವಕ್ಕೆ 10. ನೋಟಕ್ಕೆ ಬರೀ 3 ಎನ್ನುವುದನ್ನು ಗಮನಿಸಿ. ನೊರೆ ನಿಲ್ಲಲಿಲ್ಲ ಎಂದು ಅಂಕ ಕತ್ತರಿಸಬೇಡಿ. ಇಷ್ಟು ಆಲ್ಕೋಹಾಲ್ ಇರುವ ಕಡೆ ನೊರೆ ನಿಲ್ಲುವುದೇ ಕಷ್ಟ.

ಇನ್ನೊಂದು ಮಾತು. ಶೇ 12ರ 330 ಎಂಎಲ್ ಬಾಟಲಿಯಲ್ಲಿ ಸುಮಾರು 31 ಗ್ರಾಂ ಆಲ್ಕೋಹಾಲ್ ಇರುತ್ತದೆ. ಒಬ್ಬರೇ ಒಂದು ಬಾಟಲಿ ಮುಗಿಸಿ ಎರಡನೆಯದಕ್ಕೆ ಅಂಕ ಕೊಟ್ಟರೆ ಆ ಅಂಕವನ್ನು ನಾನು ನಂಬುವುದಿಲ್ಲ. ಹಂಚಿಕೊಳ್ಳಿ, ಉಗುಳುವುದಕ್ಕೂ ನಾಚಬೇಡಿ, ಗಾಡಿ ಕೀಲಿ ಬೇರೆಯವರ ಕೈಯಲ್ಲಿರಲಿ.

ಓಕ್ ಏಲ್ ಹುಳಿ ಇತ್ತು. ಕೆಟ್ಟಿದೆಯೇ?

ಯಾವ ಏಲ್ ಎಂದು ಹೇಳದೆ ಕೇಳಿದರೆ ಹೇಗೆ? ಬೆಲ್ಜಿಯಂನ ರೋಡೆನ್‌ಬಾಕ್‌ನಂಥ ಕೆಂಪು ಏಲ್ ದೊಡ್ಡ ಓಕ್ ತೊಟ್ಟಿಗಳಲ್ಲಿ ಬೇಕೆಂದೇ ಹುಳಿಯಾಗುತ್ತದೆ. ಹಳೆಯ ಇಂಗ್ಲಿಷ್ ಸ್ಟ್ರಾಂಗ್ ಏಲ್‌ಗಳಿಗೆ ಅವುಗಳದೇ ಆದ ಘಾಟು ಕೊಡುತ್ತಿದ್ದ ಕಾಡು ಯೀಸ್ಟನ್ನು 1904ರಲ್ಲಿ ಕಾರ್ಲ್ಸ್‌ಬರ್ಗ್ ಲ್ಯಾಬಿನ ಕ್ಲೌಸೆನ್ ಗುರುತಿಸಿ ಬ್ರೆಟನೊಮೈಸಿಸ್ ಎಂದು ಹೆಸರಿಟ್ಟರು, ಬ್ರಿಟನ್ನಿನ ನೆನಪಿಗೆ. ಆದರೆ ವೆನಿಲ್ಲಾ, ಚಾಕೊಲೇಟ್ ಎಂದು ಲೇಬಲ್ ಹಾಕಿದ ಬಾಟಲಿ ಹುಳಿಯಾಗಿದ್ದರೆ ಕೆಟ್ಟಿದೆ. ಷಿಕಾಗೊದ ಗೂಸ್ ಐಲೆಂಡ್ ಬಿಯರ್ ಕಂಪನಿಯವರ 2015ರ ಬರ್ಬನ್ ಕೌಂಟಿ ಬಾರ್ಲಿವೈನ್‌ಗೆ (ಹೆಸರಲ್ಲಿ ವೈನ್ ಇದ್ದರೂ ಇದು ಸ್ಟ್ರಾಂಗ್ ಏಲ್) ಹುಳಿ ಬರಿಸುವ ಲ್ಯಾಕ್ಟೊಬ್ಯಾಸಿಲಸ್ ಬ್ಯಾಕ್ಟೀರಿಯಾ ಸೇರಿ, ಕೊಂಡವರಿಗೆ ಹಣ ವಾಪಸ್ ಕೊಡಬೇಕಾಯಿತು. ದೊಡ್ಡವರ ಪೀಪಾಯಿಯಲ್ಲೂ ಹೀಗಾಗುತ್ತದೆ. ಅಂಗಡಿಗೆ ಹೋಗಿ ಕೇಳಲು ಸಂಕೋಚಪಡಬೇಡಿ.

ಮಾಮೂಲಿ ಬಿಯರ್ ಬಾಟಲಿ ತೆರೆದು ಓಕ್ ಚೂರು ಹಾಕಿ ಎರಡು ದಿನ ಇಟ್ಟರೆ ಸಾಲದೇ?

ಮರದ ವಾಸನೆಯ ಚಪ್ಪೆ ಬಿಯರ್ ಸಿಗುತ್ತದೆ.

ಓಕ್‌ನ ಟ್ಯಾನಿನ್ (ಒಗರು ಕೊಡುವ ಅಂಶ) ಹೃದಯಕ್ಕೆ ಒಳ್ಳೆಯದು, ರಕ್ತ ಶುದ್ಧಿ ಮಾಡುತ್ತದೆ ಎಂದು ಒಬ್ಬರು ಹೇಳಿದರು.

ಹಾಗೆ ಹೇಳಿದವರಿಂದ ಬೇರೆ ಯಾವ ಔಷಧವನ್ನೂ ತೆಗೆದುಕೊಳ್ಳಬೇಡಿ. ಆಲ್ಕೋಹಾಲ್‌ನಲ್ಲಿ ಆರೋಗ್ಯಕ್ಕೆ ಸುರಕ್ಷಿತ ಎನ್ನುವ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೇ ಹೇಳಿದೆ. ರುಚಿಗಾಗಿ ಕುಡಿಯುತ್ತೇನೆ ಎಂದು ನೇರವಾಗಿ ಒಪ್ಪಿಕೊಳ್ಳಿ, ನಾನೂ ಅದನ್ನೇ ಮಾಡುವುದು.

ಎಷ್ಟು ವರ್ಷ ಇಡಬಹುದು? ಇಟ್ಟಷ್ಟೂ ಒಳ್ಳೆಯದಲ್ಲವೇ?

ಅಲ್ಲ. ಮಾಗುವುದನ್ನೆಲ್ಲ ಪೀಪಾಯಿಯಲ್ಲೇ ಮುಗಿಸಿ ಬಾಟಲಿಗೆ ತುಂಬಿಸಿರುತ್ತಾರೆ. ಆಮೇಲೆ ಹಾಪ್ಸ್ ಹೂವಿನ ಕಹಿ ಇಳಿಯುತ್ತದೆ, ಒಣಹಣ್ಣು, ಶೆರ್ರಿ ವೈನಿನಂಥ ರುಚಿ ಬರುತ್ತದೆ, ಅದೃಷ್ಟ ಕೆಟ್ಟರೆ ಸೋಯಾ ಸಾಸ್ ಮತ್ತು ರಟ್ಟು. ಎರಡು ಬಾಟಲಿ ಕೊಳ್ಳಿ, ಒಂದನ್ನು ಈಗಲೇ ಕುಡಿದು ಬರೆದಿಡಿ, ಇನ್ನೊಂದನ್ನು ವರ್ಷ ಬಿಟ್ಟು ತೆರೆಯಿರಿ. ಬೆಳಕು ಬೀಳದ, ತಂಪಾದ ಜಾಗ ಇರಲಿ. ವೈನಿನಂತೆ ಅಡ್ಡ ಮಲಗಿಸಬೇಕೇ ಎಂದೂ ಕೇಳಿದ್ದೀರಿ. ಬೇಡ, ನಿಲ್ಲಿಸಿಯೇ ಇಡಿ.