ಬೋರ್‌ವೆಲ್ ನೀರಲ್ಲಿ ಪೇಸ್ಟ್ ನೊರೆ ಯಾಕೆ ಕಡಿಮೆ?

ಮಡಿಕೇರಿ ಮನೆಯ ಒರತೆ ನೀರಲ್ಲಿ ಪೇಸ್ಟ್ ಚೆನ್ನಾಗಿ ನೊರೆ ಬರುತ್ತದೆ, ಕುಶಾಲನಗರದ ರೂಮಿನ ಬೋರ್‌ವೆಲ್ ನೀರಲ್ಲಿ ಬರುವುದಿಲ್ಲ, ಪೇಸ್ಟ್ ನಕಲಿಯಾ ಅಂತ ಕೇಳಿದ್ದೀರಿ. ಟ್ಯೂಬ್ ಅದೇ ತಾನೇ? ಹಾಗಾದರೆ ನನ್ನ ಅನುಮಾನ ನೀರಿನ ಮೇಲೆ.

ನೊರೆ ಕೊಡುವುದು ಪೇಸ್ಟಿನಲ್ಲಿರುವ ಸೋಡಿಯಂ ಲಾರಿಲ್ ಸಲ್ಫೇಟ್. ಬೋರ್‌ವೆಲ್ ನೀರು ಗಡಸಾಗಿದ್ದರೆ ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಈ ಸಲ್ಫೇಟಿನ ಕೆಲಸಕ್ಕೆ ಸ್ವಲ್ಪ ಅಡ್ಡ ಬರುತ್ತವೆ. ಸೋಪಿಗೆ ಇನ್ನೂ ಜಾಸ್ತಿ ಅಡ್ಡಿ. ಆ ನೀರಲ್ಲಿ ಸೋಪು (ಡಿಟರ್ಜೆಂಟ್ ಅಲ್ಲ) ಕಲಸಿ ನೋಡಿ, ನೊರೆಯ ಬದಲು ಬಿಳಿ ಕೆನೆ ಕಟ್ಟಿದರೆ ನೀರು ಗಡಸು ಅಂತಲೇ. ಗಡಸಲ್ಲದ ಮಳೆನೀರಲ್ಲೂ ಒಮ್ಮೆ ಹಲ್ಲುಜ್ಜಿ ನೋಡಿ, ಜೂನ್ ಬಂದರೆ ಕೊಡಗಲ್ಲಿ ಅದಕ್ಕೇನು ಬರವಾ!

ನೊರೆ ಕಡಿಮೆಯಾದರೆ ಚಿಂತೆ ಬೇಡ, ಕೊಳೆ ತೆಗೆಯುವುದು ಮುಖ್ಯವಾಗಿ ಬ್ರಷ್. ಆದರೆ ಉಜ್ಜಿದ ಮೇಲೆ ಸುಮ್ನೆ ಉಗಿಯಿರಿ, ನಾಲ್ಕು ಸಲ ಮುಕ್ಕಳಿಸಬೇಡಿ. ಪೇಸ್ಟಿನಲ್ಲಿರುವ, ಹಲ್ಲು ಕಾಯುವ ಫ್ಲೋರೈಡ್ ನೀರಿನ ಜೊತೆ ಹೊರಟುಹೋಗುತ್ತದೆ.