ಮೊದಲು ಬ್ರೇಕ್ ನೋಡಿ, ಆಮೇಲೆ ರಿಮ್ ಆರಿಸಿ: ಸ್ಪೋರ್ಟ್ಸ್ ಕಾರಿನ ಚಳಿಗಾಲದ ಚಕ್ರಗಳು

ಹಿಮ ಬೀಳುವ ಊರುಗಳಲ್ಲಿ ನೆಲೆಸಿರುವ ಓದುಗರಿಂದ ಬಂದ ಪ್ರಶ್ನೆಗಳಲ್ಲಿ ನಾಲ್ಕನ್ನು ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಕೆನಡಾದ ಮಿಸ್ಸಿಸಾಗಾದಲ್ಲಿದ್ದೇನೆ. ಟೊಯೋಟಾ ಜಿಆರ್86 ಪ್ರೀಮಿಯಂ ಕೊಂಡಿದ್ದೇನೆ. 18 ಇಂಚಿನ ರಿಮ್, ಮಿಷೆಲಿನ್ ಪೈಲಟ್ ಸ್ಪೋರ್ಟ್ 4 ಟೈರ್. ಇದೇ ರಿಮ್‌ಗೆ ಚಳಿಗಾಲದ ಟೈರ್ ಹಾಕಿಸಲೇ, ಬೇರೆ ರಿಮ್ ಕೊಳ್ಳಲೇ? ಹಿಂದಿನ ಎರಡು ಚಕ್ರಕ್ಕೆ ಮಾತ್ರ ಹಾಕಿಸಿದರೆ ಸಾಕು ಅನ್ನುತ್ತಾರೆ ಸ್ನೇಹಿತರು.

ಮೊದಲು ಕೊನೆಯ ಮಾತಿಗೆ ಉತ್ತರ: ಎರಡು ಸಾಲದು, ನಾಲ್ಕೂ ಬೇಕು. ಹಿಂದಿನ ಚಕ್ರಕ್ಕೆ ಮಾತ್ರ ಹಾಕಿಸಿದರೆ ಕಾರು ನಿಂತಲ್ಲಿಂದ ಚೆನ್ನಾಗಿ ಹೊರಡುತ್ತದೆ, ಅಷ್ಟೇ. ತಿರುಗುವುದೂ ನಿಲ್ಲುವುದೂ ಬಹುಪಾಲು ಮುಂದಿನ ಟೈರಿನ ಕೆಲಸ. ಅಲ್ಲಿ ಬೇಸಿಗೆ ಟೈರ್ ಉಳಿದರೆ ಸ್ಟೀರಿಂಗ್ ತಿರುಗಿಸಿದರೂ ಕಾರು ನೇರವಾಗಿ ಜಾರಿಕೊಂಡು ಹೋಗುತ್ತದೆ. ಪೈಲಟ್ ಸ್ಪೋರ್ಟ್ 4 ಅಪ್ಪಟ ಬೇಸಿಗೆ ಟೈರ್. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದರ ರಬ್ಬರ್ ಬಿರುಸಾಗುತ್ತಾ ಬರುತ್ತದೆ. ಹಿಮವೇ ಬೀಳದ ಒಣ ರಸ್ತೆಯಲ್ಲೂ ಹಿಡಿತ ಕಡಿಮೆಯಾಗುತ್ತದೆ. ಕೊರೆಯುವ ಚಳಿಯಲ್ಲಿ ಹೊರಗೆ ನಿಂತ ಇಂಥ ಟೈರನ್ನು ಬಗ್ಗಿಸಿದರೆ ಮೈ ಬಿರಿಯುವುದೂ ಉಂಟು. ಹಾಗಾಗಿ ನವೆಂಬರ್ ತನಕ ಕಾಯದೆ ಬದಲಿಸಿಬಿಡಿ.

ರಿಮ್ ವಿಚಾರದಲ್ಲಿ ನಮ್ಮ ಸಲಹೆ ಖಚಿತ: ಪ್ರತ್ಯೇಕ 17 ಇಂಚಿನ ನಾಲ್ಕು ರಿಮ್ ಕೊಳ್ಳಿ. ಒಂದೇ ರಿಮ್‌ನಲ್ಲಿ ವರ್ಷಕ್ಕೆ ಎರಡು ಸಲ ಟೈರ್ ಕಳಚಿ ಹಾಕಿಸುತ್ತಿದ್ದರೆ ಟೈರಿನ ಅಂಚು ಸವೆಯುತ್ತದೆ. ಅದಕ್ಕಿಂತ ಹೆಚ್ಚಿನ ಅಪಾಯ ಚಕ್ರದೊಳಗೆ ವಾಲ್ವಿಗೆ ಅಂಟಿಕೊಂಡು ಗಾಳಿಯ ಒತ್ತಡ ಅಳೆಯುವ ಸೆನ್ಸರ್‌ಗೆ. ಟೈರ್ ಬಿಚ್ಚುವ ಯಂತ್ರದ ತೋಳು ವಾಲ್ವ್ ಇರುವ ಕಡೆಯೇ ಒತ್ತಿದರೆ ಸೆನ್ಸರ್ ಅಲ್ಲೇ ಮುರಿಯುತ್ತದೆ. ಎರಡನೇ ಜೊತೆ ಇದ್ದರೆ ಜ್ಯಾಕ್ ಎತ್ತಿ ಮನೆಯಲ್ಲೇ ಬದಲಿಸಿಕೊಳ್ಳಬಹುದು.

17 ಇಂಚೇ ಏಕೆ? ನಿಮ್ಮದೇ ಮಾದರಿಯ ಕೆಳಗಿನ ಆವೃತ್ತಿಗೆ ಕಂಪನಿ ಕೊಡುವುದು 215/45 ಆರ್ 17 (ಅಗಲ 215 ಮಿಲಿಮೀಟರ್, ಪಕ್ಕದ ಗೋಡೆ ಆ ಅಗಲದ ಶೇಕಡಾ 45, ರಿಮ್ 17 ಇಂಚು). ಅದರ ಒಟ್ಟು ವ್ಯಾಸ ಸುಮಾರು 625 ಮಿಲಿಮೀಟರ್. ನಿಮ್ಮ 215/40 ಆರ್ 18 ಟೈರಿನದು 629. ವ್ಯತ್ಯಾಸ ಶೇಕಡಾ ಒಂದನ್ನೂ ಮುಟ್ಟುವುದಿಲ್ಲ, ಸ್ಪೀಡೋಮೀಟರ್‌ಗೂ ಎಬಿಎಸ್‌ಗೂ ತೊಂದರೆಯಿಲ್ಲ. ಆದರೆ ಟೈರಿನ ಪಕ್ಕದ ಗೋಡೆ 86 ಮಿಲಿಮೀಟರ್ ಇದ್ದದ್ದು ಹತ್ತಿರ ಹತ್ತಿರ 97 ಆಗುತ್ತದೆ. ಹಿಮದ ಅಡಿಯಲ್ಲಿ ಕಾಣದೆ ಅಡಗಿರುವ ಗುಂಡಿಗೆ ಚಕ್ರ ಇಳಿದಾಗ ರಿಮ್ ಬಾಗುವುದು, ಉಳಿಯುವುದು ಈ ಹನ್ನೊಂದು ಮಿಲಿಮೀಟರ್‌ನಲ್ಲಿದೆ. ಟೈರೂ ಅಗ್ಗ, ಆಯ್ಕೆಯೂ ಹೆಚ್ಚು. ಅಗಲ ಹೆಚ್ಚಿಸುವ ಆಸೆ ಬೇಡ. ಅಗಲವಾದ ಟೈರ್ ಹಸಿ ಹಿಮದ ಮೇಲೆ ತೇಲುತ್ತದೆ, ಕಿರಿದಾದದ್ದು ಕೊರೆದುಕೊಂಡು ಕೆಳಗಿನ ಗಟ್ಟಿ ಪದರವನ್ನು ಮುಟ್ಟುತ್ತದೆ.

ರಿಮ್ ಕೊಳ್ಳುವಾಗ ಅಂಗಡಿಯಲ್ಲಿ ಕೇಳಬೇಕಾದ ಅಂಕಿಗಳಿವು. ಐದು ನಟ್, ಅವು ಕೂರುವ ವೃತ್ತದ ವ್ಯಾಸ 100 ಮಿಲಿಮೀಟರ್. ಹೆಚ್ಚಿನ ಟೊಯೋಟಾ ರಿಮ್‌ಗಳು 114.3ರವು, ಅವು ಇದಕ್ಕೆ ಕೂರುವುದಿಲ್ಲ. ಈ ಕಾರಿನ ಅಡಿಪಾಯ ಸುಬಾರುವಿನದು, ಆದ್ದರಿಂದ ಸುಬಾರು ಬಿಆರ್‌ಝಡ್ ರಿಮ್ ಕೂರುತ್ತದೆ. ಅಗಲ ಏಳೂವರೆ ಇಂಚು, ಆಫ್‌ಸೆಟ್ (ರಿಮ್ಮಿನ ಅಗಲದ ನಡುಗೆರೆಯಿಂದ ಅದು ಕಾರಿಗೆ ತಾಗುವ ಮುಖಕ್ಕಿರುವ ದೂರ) 48 ಮಿಲಿಮೀಟರ್. ನಡುವಿನ ತೂತು 56.1 ಮಿಲಿಮೀಟರ್. ಬೇರೆ ಕಂಪನಿಗಳ ರಿಮ್‌ಗಳಲ್ಲಿ ಈ ತೂತು ಸಾಮಾನ್ಯವಾಗಿ ದೊಡ್ಡದಿರುತ್ತದೆ. ಆಗ ಹಬ್‌ಗೂ (ಚಕ್ರ ಕೂರುವ ಕಾರಿನ ಭಾಗ) ರಿಮ್‌ಗೂ ನಡುವೆ ಸರಿಯಾದ ಅಳತೆಯ ಉಂಗುರ ಹಾಕಲೇಬೇಕು. ಅದಿಲ್ಲದೆ ಬಿಗಿದರೆ ಚಕ್ರ ಕೂದಲೆಳೆಯಷ್ಟು ನಡು ತಪ್ಪಿ ಕೂತು, 100 ಕಿಲೋಮೀಟರ್ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ. ಎಷ್ಟು ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗುವುದಿಲ್ಲ.

ಒಂದು ಎಚ್ಚರಿಕೆ. 2024ರಿಂದ ಬಂದ ಪರ್ಫಾರ್ಮೆನ್ಸ್ ಪ್ಯಾಕೇಜ್ ನಿಮ್ಮ ಕಾರಿನಲ್ಲಿದ್ದರೆ ಮುಂದೆ ಬ್ರೆಂಬೊ ಕಂಪನಿಯ ಕ್ಯಾಲಿಪರ್ (ಬ್ರೇಕ್ ಡಿಸ್ಕನ್ನು ಹಿಡಿಯುವ ಭಾಗ) ಇರುತ್ತದೆ. ಅದು ದಪ್ಪ. ಎಲ್ಲ 17 ಇಂಚಿನ ರಿಮ್‌ಗಳೂ ಅದನ್ನು ದಾಟುವುದಿಲ್ಲ. ರಿಮ್ ಕೂರಿಸಿ, ಎರಡು ನಟ್ ಕೈಯಲ್ಲೇ ಬಿಗಿದು, ಚಕ್ರವನ್ನು ನಿಧಾನಕ್ಕೆ ಒಂದು ಪೂರ್ತಿ ಸುತ್ತು ತಿರುಗಿಸಿ ನೋಡಿ. ಕ್ಯಾಲಿಪರ್‌ಗೂ ಕಡ್ಡಿಗಳಿಗೂ ನಡುವೆ ಕನಿಷ್ಠ 3 ಮಿಲಿಮೀಟರ್ ಗಾಳಿ ಆಡಬೇಕು. ಕಡ್ಡಿಗಳ ಹಿಂಬದಿಗೆ ಅಂಟಿಸುವ ಬ್ಯಾಲೆನ್ಸ್ ತೂಕದ ದಪ್ಪವನ್ನೂ ಲೆಕ್ಕಕ್ಕೆ ಹಿಡಿಯಿರಿ. ಇದನ್ನು ಟೈರ್ ಹಾಕಿಸುವ ಮೊದಲೇ ಮಾಡಿ. ಒಮ್ಮೆ ಟೈರ್ ಹತ್ತಿದ ರಿಮ್ ಅನ್ನು ಯಾವ ಅಂಗಡಿಯವರೂ ವಾಪಸು ತೆಗೆದುಕೊಳ್ಳುವುದಿಲ್ಲ.

ಟೈರಿನಲ್ಲಿ ಎರಡು ಜಾತಿ. ಬ್ಲಿಝಾಕ್ ಡಬ್ಲ್ಯುಎಸ್90, ಎಕ್ಸ್-ಐಸ್ ಸ್ನೋ, ನೋಕಿಯನ್ ಹಕ್ಕಪೆಲಿಟ್ಟ ಆರ್5 ಇವು ಮಂಜುಗಡ್ಡೆಗೆಂದೇ ಮಾಡಿದ ಮೆತ್ತನೆಯವು. ಪೈಲಟ್ ಆಲ್ಪಿನ್ 5, ಪಿರೆಲ್ಲಿ ಸೊಟ್ಟೊಝೀರೊ ಥರದವು ಚಳಿಯ ಒಣ ರಸ್ತೆಯಲ್ಲೂ ವೇಗವಾಗಿ ಹೋಗುವವರಿಗೆ. ಟೊರಾಂಟೊ ಸುತ್ತಮುತ್ತ ಹೆದ್ದಾರಿಯ ಹಿಮವನ್ನು ಬೇಗ ಕೆರೆದು ಉಪ್ಪು ಹಾಕುತ್ತಾರೆ ನಿಜ, ಆದರೆ ಬೆಳಿಗ್ಗೆ ಬಡಾವಣೆಯ ತಿರುವಿನಲ್ಲಿ, ಸಿಗ್ನಲ್ ಹತ್ತಿರ ನಯವಾದ ಮಂಜುಗಡ್ಡೆ ಇದ್ದೇ ಇರುತ್ತದೆ. ಹಿಂದಿನ ಚಕ್ರ ತಳ್ಳುವ ಹಗುರ ಕಾರಿಗೆ ಮೊದಲ ಜಾತಿಯೇ ಸರಿ. ತಿರುವಿನಲ್ಲಿ ಕಾರು ತುಸು ಮೆತ್ತಗೆ ವರ್ತಿಸುತ್ತದೆ, ಅದನ್ನು ಒಪ್ಪಿಕೊಳ್ಳಿ.

ಇನ್ನೊಂದು: ಒಂಟಾರಿಯೊದಲ್ಲಿ ಚಳಿಗಾಲದ ಟೈರ್ ಹಾಕಿದವರಿಗೆ ವಿಮಾ ಕಂಪನಿಗಳು ರಿಯಾಯಿತಿ ಕೊಡಲೇಬೇಕೆಂದು 2016ರ ಜನವರಿಯಿಂದ ನಿಯಮವಿದೆ. ಟೈರಿನ ಬಿಲ್ ಇಟ್ಟುಕೊಂಡು ವಿಮಾ ಕಂಪನಿಗೆ ಫೋನ್ ಮಾಡಿ.

ಪ್ರಶ್ನೆ: ಜರ್ಮನಿಯ ಮ್ಯೂನಿಕ್‌ನಿಂದ. ಹಳೆಯ ಪೋರ್ಷೆ 718 ಕೇಮನ್ ಎಸ್ ಕೊಂಡೆ. ಬೇಸಿಗೆ ಚಕ್ರ 20 ಇಂಚು. ಮಾರಿದವರು ಕೊಟ್ಟ ಚಳಿಗಾಲದ ಟೈರ್ ಮೇಲೆ ಎಂ ಪ್ಲಸ್ ಎಸ್ (ಕೆಸರು ಮತ್ತು ಹಿಮ) ಎಂದು ಮಾತ್ರ ಬರೆದಿದೆ, ವೇಗದ ಅಕ್ಷರ ವಿ. ಬಳಸಬಹುದೇ?

ಬಳಸುವಂತಿಲ್ಲ. ಜರ್ಮನಿಯಲ್ಲಿ ಹಿಮ, ಮಂಜುಗಡ್ಡೆ, ಕೆಸರುಹಿಮ ಇರುವ ರಸ್ತೆಯಲ್ಲಿ ಓಡಬೇಕಾದರೆ ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತು ಬೇಕು. ಬರೀ ಎಂ ಪ್ಲಸ್ ಎಸ್ ಬರಹಕ್ಕೆ ಇದ್ದ ವಿನಾಯಿತಿ 2024ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಸಿಕ್ಕಿಬಿದ್ದರೆ 60 ಯೂರೊ ದಂಡ, ಲೈಸೆನ್ಸಿಗೆ ಒಂದು ಪಾಯಿಂಟ್. ದಿನಾಂಕ ನೋಡಿ ಹೊರಡಿಸಿದ ಕಾನೂನು ಇದಲ್ಲ, ರಸ್ತೆಯ ಸ್ಥಿತಿ ನೋಡಿ ಅನ್ವಯಿಸುವಂಥದ್ದು. ಆದರೂ ಅಲ್ಲಿನವರು ಅಕ್ಟೋಬರ್‌ನಿಂದ ಈಸ್ಟರ್‌ವರೆಗೆ ಎಂದು ಲೆಕ್ಕ ಇಟ್ಟುಕೊಳ್ಳುತ್ತಾರೆ, ನೀವೂ ಹಾಗೇ ಮಾಡಿ. ವಾರಾಂತ್ಯಕ್ಕೆ ಆಸ್ಟ್ರಿಯಾದ ಗಡಿ ದಾಟುವವರಾದರೆ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ಟೈರಿನ ಮೇಲ್ಮೈ ಗೀರುಗಳ ಆಳವನ್ನೂ ಅಳೆಯಿರಿ. ಜರ್ಮನಿಗೆ 1.6 ಮಿಲಿಮೀಟರ್ ಸಾಕು, ಆಸ್ಟ್ರಿಯಾದಲ್ಲಿ 4ಕ್ಕಿಂತ ಕಡಿಮೆಯಾದರೆ ಅದನ್ನು ಚಳಿಗಾಲದ ಟೈರ್ ಎಂದೇ ಪರಿಗಣಿಸುವುದಿಲ್ಲ.

ವಿ ಅಕ್ಷರದ ಮಾತು ಬೇರೆ. ಅದು ಗಂಟೆಗೆ 240 ಕಿಲೋಮೀಟರ್‌ವರೆಗಿನ ಟೈರ್, ನಿಮ್ಮ ಕಾರಿನ ಗರಿಷ್ಠ ವೇಗ 285. ಚಳಿಗಾಲದ ಟೈರಿಗೆ ಮಾತ್ರ ಇದಕ್ಕೆ ಅನುಮತಿಯಿದೆ, ಚಾಲಕನ ಕಣ್ಣಿಗೆ ಬೀಳುವಂತೆ 240 ಎಂಬ ಸ್ಟಿಕ್ಕರ್ ಅಂಟಿಸಿರಬೇಕು, ಆ ವೇಗ ದಾಟಕೂಡದು.

ಹೊಸದಾಗಿ ಕೊಳ್ಳುವಾಗ 19 ಇಂಚಿಗೆ ಇಳಿಯಿರಿ. ಮುಂದೆ 235/40 ಆರ್ 19, 8 ಇಂಚು ಅಗಲದ ರಿಮ್, ಆಫ್‌ಸೆಟ್ 57. ಹಿಂದೆ 265/40 ಆರ್ 19, 10 ಇಂಚು ಅಗಲ, ಆಫ್‌ಸೆಟ್ 45. ಟೈರಿನ ಮೇಲೆ ಎನ್ ಅಕ್ಷರದ ಜೊತೆ ಒಂದು ಅಂಕಿ ಇದ್ದರೆ ಅದು ಪೋರ್ಷೆ ಪರೀಕ್ಷಿಸಿ ಒಪ್ಪಿದ್ದು ಎಂದರ್ಥ. ಮುಂದೆ ಹಿಂದೆ ಬೇರೆ ಬೇರೆ ಅಗಲ ಇರುವುದರಿಂದ ಇಂಥ ಕಾರಿನಲ್ಲಿ ಟೈರನ್ನು ಹಿಂದೆ ಮುಂದೆ ಅದಲುಬದಲು ಮಾಡುವಂತಿಲ್ಲ. ಹಿಂದಿನವು ಬೇಗ ಸವೆಯುತ್ತವೆ, ಅದಕ್ಕೆ ಹಣ ತೆಗೆದಿಡಿ. ಬೇರೆ ಕಂಪನಿಯ ರಿಮ್ ಆದರೆ ಅದರ ಮಾನ್ಯತೆಯ ಕಾಗದ ನಿಮ್ಮ ಮಾದರಿಯ ಹೆಸರು ಹೇಳುತ್ತದೆಯೇ ನೋಡಿಯೇ ಹಣ ಕೊಡಿ.

ಬೋಲ್ಟ್ ಬಗ್ಗೆ ಒತ್ತಿ ಹೇಳಬೇಕಾದದ್ದಿದೆ. ಪೋರ್ಷೆ ಬೋಲ್ಟಿನ ತಲೆಯ ಕೆಳಭಾಗ ಚೆಂಡಿನಂತೆ ದುಂಡಗಿರುತ್ತದೆ. ಹೊರಗಿನ ಅನೇಕ ರಿಮ್‌ಗಳ ತೂತು ಶಂಕುವಿನಂತೆ ಓರೆ. ದುಂಡು ಬೋಲ್ಟನ್ನು ಓರೆ ತೂತಿಗೆ ಬಿಗಿದರೆ ಅದು ದಾರದಷ್ಟು ತೆಳುವಾದ ಒಂದು ಗೆರೆಯಲ್ಲಿ ಮಾತ್ರ ತಾಗುತ್ತದೆ. ಟಾರ್ಕ್ ರೆಂಚ್ (ನಿಗದಿತ ಬಲಕ್ಕೆ ಬಿಗಿಯುವ ಉಪಕರಣ) ಕ್ಲಿಕ್ ಎನ್ನುತ್ತದೆ, ಬಿಗಿಯಾಯಿತು ಎಂದುಕೊಳ್ಳುತ್ತೀರಿ. ನೂರು ಕಿಲೋಮೀಟರ್ ಓಡುವಷ್ಟರಲ್ಲಿ ಆ ಗೆರೆ ನುಗ್ಗಾಗಿ ಬೋಲ್ಟ್ ಸಡಿಲವಾಗಿರಬಹುದು. ನಿಮ್ಮ ಕಾರಿಗೆ ಬಿಗಿಯಬೇಕಾದದ್ದು 160 ನ್ಯೂಟನ್ ಮೀಟರ್. ಮೇಲಿನ ಜಿಆರ್86ಗೆ 120, ಅದರ ನಟ್ 60 ಡಿಗ್ರಿ ಶಂಕು. ಇಂಪ್ಯಾಕ್ಟ್ ಗನ್‌ನಿಂದ ಬಿಗಿದು ಮುಗಿಸುವ ಅಂಗಡಿಯಿಂದ ಹೊರಬಂದರೆ ನೀವೇ ಒಮ್ಮೆ ಸಡಿಲಿಸಿ ರೆಂಚ್‌ನಲ್ಲಿ ಬಿಗಿಯಿರಿ, 80ರಿಂದ 100 ಕಿಲೋಮೀಟರ್ ಓಡಿದ ಮೇಲೆ ಮತ್ತೆ ಪರೀಕ್ಷಿಸಿ.

ಚಕ್ರ ಕಳಚಿದಾಗ ಹಬ್ಬಿನ ಮುಖ ನೋಡಿ. ನಡುವಿನ ಏಣಿನ ಸುತ್ತ ಕಿತ್ತಳೆ ಬಣ್ಣದ ತುಕ್ಕಿನ ಉಂಗುರ ಕಟ್ಟಿರುತ್ತದೆ. ತಂತಿ ಬ್ರಷ್‌ನಿಂದ ಅದನ್ನು ಉಜ್ಜಿ ತೆಗೆದು, ಬಟ್ಟೆಯಿಂದ ಒರೆಸಿ, ಆಮೇಲೆ ರಿಮ್ ಕೂರಿಸಿ. ತುಕ್ಕಿನ ಒಂದು ಚಕ್ಕೆ ನಡುವೆ ಸಿಕ್ಕಿಕೊಂಡರೂ ಚಕ್ರ ಓರೆ.

ಪ್ರಶ್ನೆ: ಅಮೆರಿಕದ ಮಿನಿಯಾಪೊಲಿಸ್, ಫೋರ್ಡ್ ಮಸ್ಟಾಂಗ್ ಜಿಟಿ. ಚಳಿಗಾಲದ ರಿಮ್ ಹಾಕಿಸಿದಾಗ ಸೆನ್ಸರ್ ಬೇಡವೆಂದೆ. ಈಗ ಎಚ್ಚರಿಕೆ ದೀಪ ಆರುವುದೇ ಇಲ್ಲ. ಹಾಗೇ ಬಿಡಬಹುದೇ? ಹಾಕಿಸುವುದಾದರೆ ಯಾವುದು?

ಹಾಕಿಸಿ. ಗಾಳಿ ಇಳಿಯುವ ಕಾಲವೇ ಚಳಿಗಾಲ, ಆಗಲೇ ಕಣ್ಣು ಮುಚ್ಚಿಕೊಂಡರೆ ಹೇಗೆ? ಲೆಕ್ಕ ನೋಡಿ. 20 ಡಿಗ್ರಿ ಬೆಚ್ಚಗಿನ ಗ್ಯಾರೇಜಿನಲ್ಲಿ 35 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತುಂಬಿಸಿದಿರಿ ಅನ್ನಿ. ವಾತಾವರಣದ ಒತ್ತಡ 14.7 ಸೇರಿಸಿದರೆ ಟೈರಿನೊಳಗೆ ಒಟ್ಟು 49.7. ಹೊರಗೆ ಮೈನಸ್ 20 ಡಿಗ್ರಿಯಲ್ಲಿ ರಾತ್ರಿ ನಿಂತರೆ ಅದು 43ರ ಹತ್ತಿರಕ್ಕೆ ಇಳಿಯುತ್ತದೆ, ಗೇಜ್ ತೋರಿಸುವುದು 28. ಒಂದು ಗುಳ್ಳೆ ಗಾಳಿಯೂ ಸೋರಿಲ್ಲ, ಆದರೂ ಏಳು ಪಿಎಸ್‌ಐ ಹೋಯಿತು. ಅಮೆರಿಕದ ನಿಯಮದ ಪ್ರಕಾರ ಬಾಗಿಲ ಚೌಕಟ್ಟಿನಲ್ಲಿ ಬರೆದ ಒತ್ತಡಕ್ಕಿಂತ ಶೇಕಡಾ 25 ಇಳಿಯುವಷ್ಟರಲ್ಲಿ ದೀಪ ಹತ್ತಬೇಕು. 35ಕ್ಕೆ ಅದು 26.25. ಅಂದರೆ 27ರಲ್ಲಿ ಓಡುತ್ತಿದ್ದರೂ ದೀಪ ಸುಮ್ಮನಿರಬಹುದು. ಸೆನ್ಸರ್ ಇದ್ದರೂ ಗೇಜ್ ಬೇಕು ಅನ್ನುವುದು ಇದಕ್ಕೇ. ರಾತ್ರಿಯೆಲ್ಲಾ ಹೊರಗೆ ನಿಂತ ಕಾರಿಗೆ, ಬೆಳಿಗ್ಗೆ ಓಡಿಸುವ ಮೊದಲು, ಬಾಗಿಲಲ್ಲಿ ಬರೆದಷ್ಟು ತುಂಬಿಸಿ. ಬೆಚ್ಚಗಿನ ಗ್ಯಾರೇಜಿನಲ್ಲಿ ತುಂಬಿಸುವುದು ಅನಿವಾರ್ಯವಾದರೆ, ಒಳಗೂ ಹೊರಗೂ ಇರುವ ವ್ಯತ್ಯಾಸದ ಪ್ರತಿ 6 ಡಿಗ್ರಿಗೆ ಒಂದು ಪಿಎಸ್‌ಐ ಹೆಚ್ಚು ಹಾಕಿ.

ಸೆನ್ಸರ್ ಆರಿಸುವಾಗ ಮೊದಲು ನೋಡಬೇಕಾದದ್ದು ಅದು ಕಾರಿಗೆ ಸಂದೇಶ ಕಳುಹಿಸುವ ರೇಡಿಯೊ ತರಂಗ. ಉತ್ತರ ಅಮೆರಿಕದ ಹಲವು ಕಾರುಗಳು 315 ಮೆಗಾಹರ್ಟ್ಸ್, ಯೂರೋಪಿನವು 433. ಅಮೆರಿಕದಲ್ಲೂ 433 ಬಳಸುವ ಕಾರುಗಳಿವೆ. ಊಹೆ ಬೇಡ, ಬೇಸಿಗೆ ಚಕ್ರದ ಸೆನ್ಸರನ್ನು ಅಂಗಡಿಯ ಉಪಕರಣದಿಂದ ಓದಿಸಿ, ಅದೇ ತರಂಗದ್ದು ಕೊಳ್ಳಿ. ಓದಿದ ಗುರುತಿನ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ.

ಮಸ್ಟಾಂಗ್‌ನಲ್ಲಿ ಹೊಸ ಸೆನ್ಸರ್‌ಗಳನ್ನು ಕಾರಿಗೆ ಕಲಿಸಬೇಕು. ಕಾರನ್ನು ಕಲಿಕೆಯ ಸ್ಥಿತಿಗೆ ತಂದು, ಮುಂದಿನ ಎಡ, ಮುಂದಿನ ಬಲ, ಹಿಂದಿನ ಬಲ, ಹಿಂದಿನ ಎಡ ಈ ಕ್ರಮದಲ್ಲಿ ಪ್ರತಿ ವಾಲ್ವಿನ ಹತ್ತಿರ ಉಪಕರಣ ಹಿಡಿಯಬೇಕು. ಒಂದೊಂದಕ್ಕೂ ಹಾರ್ನ್ ಒಮ್ಮೆ ಕೂಗುತ್ತದೆ. ಪ್ರತಿ ಋತುವಿಗೂ ಇದೇ ಕೆಲಸ ಬೇಡವೆಂದರೆ ಬೇಸಿಗೆ ಸೆನ್ಸರಿನ ಸಂಖ್ಯೆಯನ್ನೇ ಹೊಸದಕ್ಕೆ ನಕಲು ಮಾಡಿಸಬಹುದು. ಆಗ ಯಾವ ಜೊತೆ ಹಾಕಿದರೂ ಕಾರಿಗೆ ಒಂದೇ. ನಕಲು ಮಾಡಿಸಿದರೆ ಕಳಚಿದ ಜೊತೆಯನ್ನು ಕಾರಿನ ಪಕ್ಕದಲ್ಲೇ ಪೇರಿಸಿಡಬೇಡಿ, ಎರಡೂ ಒಂದೇ ಹೆಸರಿನಲ್ಲಿ ಕೂಗಿ ತಪ್ಪು ಒತ್ತಡ ತೋರಬಹುದು. ಪೋರ್ಷೆ 718ರಲ್ಲಿ ಈ ಕಷ್ಟವಿಲ್ಲ, ಮೀಟರ್ ಮೆನುವಿನಲ್ಲಿ ಚಳಿಗಾಲದ ಟೈರ್, ಸೈಜ್ ಆರಿಸಿ ಸ್ವಲ್ಪ ದೂರ ಓಡಿಸಿದರೆ ತಾನೇ ಕಲಿಯುತ್ತದೆ. ಚಕ್ರದೊಳಗೆ ಒತ್ತಡದ ಸೆನ್ಸರ್ ಇಲ್ಲದೆ, ಎಬಿಎಸ್ ತಿಳಿಸುವ ಚಕ್ರದ ವೇಗದಿಂದಲೇ ಗಾಳಿ ಇಳಿದದ್ದನ್ನು ಗುರುತಿಸುವ ಕಾರುಗಳಿಗೆ ಇದ್ಯಾವುದೂ ಬೇಡ, ಗಾಳಿ ಸರಿಮಾಡಿ ರೀಸೆಟ್ ಮಾಡಿದರೆ ಆಯಿತು.

ವಾಲ್ವಿನ ಲೋಹವನ್ನೂ ಗಮನಿಸಿ. ಸೆನ್ಸರಿನ ಅಲ್ಯೂಮಿನಿಯಂ ಕೊಳವೆಯೊಳಗೆ ಮಾಮೂಲಿ ಹಿತ್ತಾಳೆ ಪಿನ್ ಹಾಕಿದರೆ, ರಸ್ತೆಯ ಉಪ್ಪುನೀರು ಸೇರಿ ಎರಡು ಲೋಹವೂ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಮಾರ್ಚ್‌ನಲ್ಲಿ ಗಾಳಿ ಹಾಕಲು ಹೋದರೆ ಬಿಳಿ ಪುಡಿ ಉದುರುತ್ತದೆ, ಪಿನ್ ತಿರುಗುವುದಿಲ್ಲ, ಬಲ ಹಾಕಿದರೆ ಕೊಳವೆಯೇ ತುಂಡಾಗುತ್ತದೆ. ನಿಕಲ್ ಲೇಪದ ಪಿನ್, ಒಳಗೆ ರಬ್ಬರ್ ಉಂಗುರವಿರುವ ಪ್ಲಾಸ್ಟಿಕ್ ಮುಚ್ಚಳ ಇವೆರಡನ್ನೇ ಬಳಸಿ. ರಬ್ಬರ್ ಕೊಳವೆಯ ಸೆನ್ಸರ್ ಉಪ್ಪಿಗೆ ಇನ್ನೂ ಒಳ್ಳೆಯದು, ಆದರೆ ಗಂಟೆಗೆ 210 ಕಿಲೋಮೀಟರ್ ದಾಟುವ ಜರ್ಮನಿಯ ರಸ್ತೆಗೆ ಲೋಹದ್ದೇ ಬೇಕು.

ಪ್ರಶ್ನೆ: ಹಿಮ ಬಿದ್ದ ಮಾರನೆಯ ದಿನ ಹೆದ್ದಾರಿಯಲ್ಲಿ ಸ್ಟೀರಿಂಗ್ ಜೋರಾಗಿ ಅದುರಿತು. ಹಿಂದಿನ ದಿನ ಸರಿಯಿತ್ತು. ಬ್ಯಾಲೆನ್ಸಿಂಗ್ ಕೆಟ್ಟಿತೇ?

ಬಹುಶಃ ಇಲ್ಲ. ರಿಮ್ಮಿನ ಒಳಗೋಡೆಗೆ ಹಿಮ ಮೆತ್ತಿಕೊಂಡು ರಾತ್ರಿ ಗಡ್ಡೆ ಕಟ್ಟಿರುತ್ತದೆ. ಒಂದೇ ಕಡೆ ಅಂಗೈಯಷ್ಟು ಗಡ್ಡೆ ಇದ್ದರೂ ಸಾಕು. ಕಡ್ಡಿಗಳ ನಡುವೆ ಕೈ ಹಾಕಿ ಮುಟ್ಟಿ ನೋಡಿ, ಪ್ಲಾಸ್ಟಿಕ್ ಕೆರೆಯುವ ಹಲಗೆಯಿಂದ ತೆಗೆಯಿರಿ. ಕಬ್ಬಿಣದ ಸಲಾಕೆಯಿಂದ ಹೊಡೆಯಬೇಡಿ, ವಾಲ್ವೂ ಬ್ಯಾಲೆನ್ಸ್ ತೂಕಗಳೂ ಅಲ್ಲೇ ಇರುತ್ತವೆ. ಗಡ್ಡೆ ತೆಗೆದ ಮೇಲೂ ಅದುರಿದರೆ ತೂಕ ಬಿದ್ದಿದೆಯೇ, ನಟ್ ಸಡಿಲವಾಗಿದೆಯೇ ನೋಡಿ. ನಟ್ ಪರೀಕ್ಷಿಸದೆ ಮತ್ತೆ ಹೆದ್ದಾರಿಗೆ ಇಳಿಯಬೇಡಿ.