ಹೂದಾನಿ ಚಿತ್ರ ಮುಗಿಯುವ ಮೊದಲೇ ದಾಸವಾಳ ಬಾಡುತ್ತದೆ. ಪ್ಲಾಸ್ಟಿಕ್ ಹೂ ಇಟ್ಟುಕೊಳ್ಳಲಾ, ಫೋಟೋ ನೋಡಿ ಬರೆಯಲಾ?

ಎರಡೂ ಬೇಡ ಮಾರಾಯ್ರೇ. ಇದೇ ದಾಸವಾಳ ನನ್ನನ್ನೂ ಕುಣಿಸಿದೆ.

ಮಂಗಳೂರಿನ ಹೋಂಸ್ಟೇ ಒಂದರ ಊಟದ ಕೋಣೆಗೆ ಚಿತ್ರ ಬೇಕಿತ್ತು. ಹಿತ್ತಾಳೆ ಚೊಂಬಿನಲ್ಲಿ ಕೇಪುಳದ ಗೊಂಚಲು, ನಡುವೆ ಕೆಂಪು ದಾಸವಾಳ. ಆಯಿಲ್ ಪೇಂಟ್, ಅದೂ ಆಟಿ ತಿಂಗಳ ಮಳೆಯಲ್ಲಿ. ದಾಸವಾಳ ಬೆಳಿಗ್ಗೆ ಅರಳಿ ಸಂಜೆಗೆ ಮುದುಡುತ್ತದೆ, ನೀರಲ್ಲಿಟ್ಟರೂ ಅಷ್ಟೇ, ಇಡದಿದ್ದರೂ ಅಷ್ಟೇ. ಹಾಗಾಗಿ ದಿನಾ ಬೇಲಿಯಿಂದ ಹೊಸ ಹೂ ಕೊಯ್ದು ಅದೇ ಜಾಗದಲ್ಲಿ ಸಿಕ್ಕಿಸುತ್ತಿದ್ದೆ. ಅಲ್ಲಿಯವರೆಗೆ ಸರಿಯೇ. ಆದರೆ ಹೊಸ ಹೂವಿಗೆ ತಕ್ಕಂತೆ ಚಿತ್ರವನ್ನೂ ತಿದ್ದುತ್ತಿದ್ದೆ ನೋಡಿ, ಎಡವಿದ್ದು ಅಲ್ಲೇ. ಇವತ್ತಿನ ಹೂ ಎಡಕ್ಕೆ ವಾಲಿದರೆ ಚಿತ್ರದ್ದೂ ಎಡಕ್ಕೆ. ಮರುದಿನದ್ದು ದೊಡ್ಡದಾದರೆ ಪಕ್ಕದ ಎಲೆ ಅಳಿಸಿ ಜಾಗ ಮಾಡಬೇಕು. ಹೂ ಜರುಗಿದ ಮೇಲೆ ನೆರಳು ಜರುಗದೆ ಇರುತ್ತದಾ? ಚೊಂಬಿನ ಮೇಲೆ ಹೊಳೆಯುವ ಕೆಂಪು? ಅದೂ ಜರುಗಬೇಕು. ಅಷ್ಟರಲ್ಲಿ ಅಡಿಯ ಬಣ್ಣ ಒಣಗಿಯೇ ಇರಲಿಲ್ಲ. ಆಯಿಲ್ ಪೇಂಟಿನಲ್ಲಿರುವ ಲಿನ್ಸೀಡ್ (ಅಗಸೆ) ಎಣ್ಣೆ ನೀರಾರಿ ಒಣಗುವುದಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುವುದು. ನಮ್ಮ ಮಳೆಗಾಲದಲ್ಲಿ ಅದು ಇನ್ನೂ ನಿಧಾನ. ಹಸಿ ಹಸಿರಿನ ಮೇಲೆ ಕೆಂಪು ಎಳೆದೆ, ಕಂದು ರಾಡಿಯಾಯಿತು. ಕೆರೆದು ಮತ್ತೆ ಎಳೆದೆ, ಮತ್ತೂ ರಾಡಿ. ಕ್ಯಾನ್ವಾಸೂ ಹೋಯಿತು, ಆರ್ಡರೂ ಹೋಯಿತು.

ಹೂ ಬಾಡುವುದು ಸಮಸ್ಯೆಯೇ ಅಲ್ಲ. ಡಚ್ ಕಲಾವಿದ ಯಾನ್ ವಾನ್ ಹೈಸುಮ್ 1742ರಲ್ಲಿ, ಹಳದಿ ಗುಲಾಬಿ ಸಿಗದೆ ಚಿತ್ರ ನಿಂತಿದೆ ಎಂದು ಗಿರಾಕಿಗೆ ಕಾಗದ ಬರೆದಿದ್ದ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಅವನ ಒಂದು ಹೂದಾನಿ ಚಿತ್ರದ ಮೇಲೆ 1736, 1737 ಎಂದು ಎರಡು ಇಸವಿ ಉಂಟು. ಬೇರೆ ಬೇರೆ ಕಾಲದ ಹೂಗಳು ಒಂದೇ ಹೂದಾನಿಯಲ್ಲಿ! ವ್ಯಾನ್ ಗೋ ತದ್ವಿರುದ್ಧ. 1888ರಲ್ಲಿ ಸೂರ್ಯಕಾಂತಿ ಬಾಡುವ ಮೊದಲೇ ಮುಗಿಸಲು ಬೆಳಕು ಹರಿಯುವಾಗಲೇ ಕೂರುತ್ತಿದ್ದ.

ನೀವು ಇಬ್ಬರದ್ದನ್ನೂ ಸೇರಿಸಿ ಮಾಡಿ. ಮೊದಲ ದಿನವೇ ತೆಳು ಬಣ್ಣದಲ್ಲಿ ಎಲ್ಲ ಹೂವಿನ ಜಾಗ ಗುರುತಿಸಿ. ಆಮೇಲೆ ಆ ಗೆರೆ ಮುಟ್ಟಬೇಡಿ. ದಾಸವಾಳದ ಜಾಗ ಖಾಲಿ ಬಿಟ್ಟು ಉಳಿದದ್ದು ಮುಗಿಸಿ. ಕೊನೆಗೊಂದು ಬೆಳಿಗ್ಗೆ ಆ ಹೂ ಒಂದನ್ನೇ ಒಂದೇ ಪಟ್ಟಿಗೆ ಬರೆದುಬಿಡಿ. ಮುಗಿಯದಿದ್ದರೆ ನಾಳೆಯ ಹೂ ಬಣ್ಣ ನೋಡಲಿಕ್ಕೆ ಮಾತ್ರ, ಆಕಾರಕ್ಕಲ್ಲ.

ಪ್ಲಾಸ್ಟಿಕ್ ಎಸಳಿನಲ್ಲಿ ಬೆಳಕು ಹಾಗೆ ತೂರಿ ಬರುವುದಿಲ್ಲ. ಫೋನಿನ ಫೋಟೋದಲ್ಲಿ ಕೆಂಪೆಲ್ಲ ಒಂದೇ ಮುದ್ದೆ, ಎಸಳಿನ ನರವೂ ಕಾಣದು. ಆಕಾರ ಮರೆಯದಿರಲು ಬೇಕಾದರೆ ಒಂದು ತೆಗೆದಿಡಿ. ಮಳೆಗಾಲದಲ್ಲಿ ಶುರು ಮಾಡುವುದಾದರೆ ಮಾತ್ರ ಆಯಿಲ್ ಬಿಟ್ಟು ಬೇಗ ಒಣಗುವ ಅಕ್ರಿಲಿಕ್ ಬಣ್ಣ ತೆಗೆದುಕೊಳ್ಳಿ.